ಹೊಳೆದಂಡೆಯ ತಂತಿಗಳು ಕೂಡಿದ ಮಳೆಗಾಲ

ಹೋದ ಶ್ರಾವಣದಲ್ಲಿ ನಮ್ಮವರೊಬ್ಬರ ಮನೆಯ ನಿಶ್ಚಯಕ್ಕೆಂದು ಹುನಗುಂದಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿಯುವಾಗಲೇ ಜಿಟಿಜಿಟಿ ಮಳೆ. ಸ್ಟ್ಯಾಂಡಿನ ಎದುರಿಗೆ ಒಂದು ಮೊಬೈಲ್ ರಿಪೇರಿ ಅಂಗಡಿ. ಅಂಗಡಿಯಾತ ಬಗ್ಗಿ ಕುಳಿತು ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದ. ರಾಳ ಸುಟ್ಟ ಹೊಗೆ ಮಳೆಯ ಥಂಡಿಗೆ ಮೇಲೇರಲಾರದೆ ರಸ್ತೆಯವರೆಗೆ ಬಂತು. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಎಡಗಿವಿಯ ಮೇಲೆ ಹೋಯಿತು, ಹೆಡ್‌ಫೋನು ಸರಿ ಮಾಡಿಕೊಳ್ಳುವವರ ಹಾಗೆ. ಟೆಲಿಫೋನ್ ಬೋರ್ಡಿನ ಮುಂದಿನಿಂದ ಎದ್ದು ಬಂದು ಅರ್ಧ ಆಯುಷ್ಯ ಕಳೆದಿದೆ, ಆದರೆ ಆ ಒಂದು ಮಳೆಗಾಲ ನನ್ನ ಕಿವಿಯಿಂದ ಇಳಿದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ನೌಕರಿ ಸಿಕ್ಕು ಬಹಳ ದಿನ ಆಗಿರಲಿಲ್ಲ. ಬಾಗಲಕೋಟೆಯ ದೊಡ್ಡ ಎಕ್ಸ್‌ಚೇಂಜಿನಲ್ಲಿ ಕೆಲಸ ಕಲಿತವಳನ್ನು ಹುನಗುಂದಕ್ಕೆ ಹಾಕಿದ್ದರು. ಇಲ್ಲಿ ಒಂದು ಕೋಣೆ, ಒಂದು ಬೋರ್ಡು. ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುವಿದರೆ ಬೋರ್ಡಿನ ಮೇಲೆ ಅವರ ಹೆಸರಿನ ಹಿತ್ತಾಳೆ ಬಿಲ್ಲೆ ಟಪ್ಪೆಂದು ಕೆಳಗೆ ಬೀಳುತ್ತಿತ್ತು. 'ಹಲೋ, ಎಲ್ಲಿಗ್ರಿ?' ಅಂತ ಕೇಳಿ, ಪ್ಲಗ್ಗು ಚುಚ್ಚಿ, ಬೇಕಾದವರಿಗೆ ಜೋಡಿಸುವುದು ನನ್ನ ಕೆಲಸ. ಇಳಕಲ್ಲಿನ ಸೀರೆ ವ್ಯಾಪಾರಿ ಸೊಲ್ಲಾಪುರದ ಅಂಗಡಿಯವನ ಜೊತೆ, ಕಮತಗಿಯ ಶೇಂಗಾ ದಲಾಲ ಬಾಗಲಕೋಟೆಯವನ ಜೊತೆ. ಒಬ್ಬರ ಜೊತೆ ಒಬ್ಬರು. ಅದಕ್ಕಿಂತ ಬೇರೆ ರೀತಿಯಲ್ಲಿ ಮಾತು ತಂತಿಯಲ್ಲಿ ಹೋಗಬಹುದು ಎಂಬ ವಿಚಾರವೇ ನನಗೆ ಬಂದಿರಲಿಲ್ಲ.

ಎಕ್ಸ್‌ಚೇಂಜಿನ ಮೇಲ್ವಿಚಾರಕರು ಗೌಡರ ಸಾಹೇಬರು. ಕಡಿಮೆ ಮಾತಿನ ಮನುಷ್ಯ, ನಿಯಮ ಅಂದರೆ ನಿಯಮ. ಲೈನ್‌ಮನ್ ಮಕ್ತುಂಸಾಬ. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವನು. ಕಂಬ ಹತ್ತಿದರೂ ಹಾಡು, ಇಳಿದರೂ ಹಾಡು. ಅವನ ಹೆಂಡತಿ ಹಸೀನಾ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ತವರು ಹೊಳೆಹಂಚಿನಾಳ, ಕಮತಗಿಯಿಂದ ಆಚೆ ಮಲಪ್ರಭೆಯ ದಂಡೆಗೆ ಅಂಟಿಕೊಂಡ ಸಣ್ಣ ಊರು.

ಆ ವರ್ಷ ನಮ್ಮ ಕಡೆ ಮಳೆ ಹೆಚ್ಚೇನೂ ಇರಲಿಲ್ಲ. ಎರೆ ಹೊಲ ಹಸಿಯಾಗುವಷ್ಟು ಬಂದು ಸುಮ್ಮನಾಗಿತ್ತು. ಆದರೆ ಘಟ್ಟದ ಕಡೆ ಆಕಾಶವೇ ಹರಿದಿತ್ತಂತೆ. ನಮ್ಮ ಹೊಳೆಯ ಸ್ವಭಾವವೇ ಹಾಗೆ. ಇಲ್ಲಿ ಬಿಸಿಲು ಬಿದ್ದಿರುವಾಗಲೇ ಮೇಲಿನ ಅಣೆಕಟ್ಟಿನ ಬಾಗಿಲು ಎತ್ತಿದರೆ ನೀರು ಮೊದಲು ಬಾದಾಮಿ ತಾಲೂಕಿಗೆ ಬಂದು, ಪಟ್ಟದಕಲ್ಲಿನ ಗುಡಿಗಳ ಹಿಂದಿನ ಮೆಟ್ಟಿಲು ಮುಚ್ಚಿ, ಆಮೇಲೆ ನಮ್ಮ ಹಳ್ಳಿಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಬೇಕು. ಕೃಷ್ಣೆಯೂ ತುಂಬಿದ್ದರೆ ಮಲಪ್ರಭೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ನೀರು ಹಿಂದಕ್ಕೆ ತಿರುಗಿ ಊರು ಹೊಗುತ್ತದೆ.

ಮೊದಲ ಸಲ ನೀರು ಬಂದ ದಿನ ಬೆಳಿಗ್ಗೆ ಬಾದಾಮಿಯ ಬೋರ್ಡಿನಿಂದ ಶಾರದಕ್ಕ ಕರೆದಳು. ಅವಳ ಮುಖ ನಾನು ಕಂಡಿರಲಿಲ್ಲ, ದನಿ ಮಾತ್ರ ಗೊತ್ತು.

'ಗಿರಿಜಾ, ಪಟ್ಟದಕಲ್ಲಾಗ ಮೆಟ್ಟಲಾ ಮುಚ್ಚಾಕತ್ಯಾವಂತ. ನಿಮ್ಮ ಹೊಳಿದಂಡಿ ಊರಿಗೆಲ್ಲಾ ಹೇಳು.'

ಹೇಳಲು ಶುರು ಮಾಡಿದೆ. ಒಂದು ಊರಿಗೆ ಗಂಟೆ ಹೊಡೆಯಬೇಕು. ಅಂಚೆ ಮನೆಯಲ್ಲಿ ಯಾರಾದರೂ ಎತ್ತುವವರೆಗೆ ಕಾಯಬೇಕು. 'ಯಾರು? ಏನು? ಯಾವ ಹೊಳಿ?' ಅಂತ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಬಿಡಿಸಿ, ಮುಂದಿನ ಊರಿಗೆ ಮತ್ತೆ ಅದೇ ಮಾತು, ಅದೇ ಪ್ರಶ್ನೆ, ಅದೇ ಉತ್ತರ. ಕಮತಗಿಯ ಅಂಚೆ ಮಾಸ್ತರ ಈರಣ್ಣನ ಹತ್ತಿರ ಇನ್ನೊಂದು ಸಣ್ಣ ಬೋರ್ಡಿತ್ತು. ಅವನೂ ತನ್ನ ಹಳ್ಳಿಗಳಿಗೆ ಹಾಗೇ ಒಂದೊಂದಾಗಿ ಕೂಗಬೇಕು. ಸರದಿಯಲ್ಲಿ ಕೊನೆಗೆ ಬಂದದ್ದು ಹೊಳೆಹಂಚಿನಾಳ. ಅಲ್ಲಿಗೆ ಮಾತು ಮುಟ್ಟುವ ಹೊತ್ತಿಗೆ ನೀರು ಕೆಳಗಿನ ಓಣಿಗೆ ಬಂದಾಗಿತ್ತು. ಊರಿನ ಅಂಬಿಗ ದುರ್ಗಪ್ಪ ತನ್ನ ಹರಗೋಲು ಬಿಚ್ಚಿಹೋದೀತೆಂದು ದಂಡೆಗೆ ಓಡಿದ್ದನಂತೆ. ಹರಗೋಲೂ ಹೋಯಿತು, ಅವನೂ ಹೋದ. ಸಂಗಮದ ಹತ್ತಿರ ಸಿಕ್ಕ.

ಸುದ್ದಿ ಕೇಳಿದ ದಿನ ಮಕ್ತುಂಸಾಬ ಹಾಡಲಿಲ್ಲ. 'ನಮ್ಮ ಲಗ್ನದಾಗ ಬೀಗರನ್ನೆಲ್ಲಾ ಹೊಳಿ ದಾಟಿಸಿದಾಂವ ಅಂವನ' ಅಂದ, ಅಷ್ಟೇ.

ಅದಾದ ಮೇಲೆ ತಾಲೂಕಿನ ದೊಡ್ಡವರು ಸೇರಿ, ಮುಂದಿನ ಸಲ ಯಾರಿಗೂ ತಡವಾಗಬಾರದು, ಎಲ್ಲರಿಗೂ ಒಮ್ಮೆಗೇ ಸಾರಿಬಿಡೋಣ ಅಂತ ನಿಶ್ಚಯ ಮಾಡಿದರು. ಸ್ವಲ್ಪ ದಿನಕ್ಕೆ ಮತ್ತೆ ಅಣೆಕಟ್ಟಿನ ಬಾಗಿಲು ಎತ್ತಿದ ಸುದ್ದಿ ಬಂದದ್ದೇ, ಧ್ವನಿವರ್ಧಕ ಕಟ್ಟಿದ ಜೀಪು ಹುನಗುಂದ, ಇಳಕಲ್ಲುಗಳ ಓಣಿ ಓಣಿ ತಿರುಗಿತು. 'ಹೊಳಿ ಬರಾಕತ್ತೈತಿ, ಹುಷಾರ್!' ಇಳಕಲ್ಲಿಗೂ ಮಲಪ್ರಭೆಗೂ ಏನು ಸಂಬಂಧ? ಆದರೆ ಹೆದರಿದವರು ಭೂಗೋಳ ನೋಡುತ್ತಾರೆಯೇ? ನೇಕಾರರು ಮಗ್ಗದಿಂದ ಹಾಸಿನ ನೂಲು ಕತ್ತರಿಸಿ ಗಂಟು ಕಟ್ಟಿದರು. ಚಕ್ಕಡಿ, ಲಾರಿ, ಟೆಂಪೊ ಎಲ್ಲ ರಸ್ತೆಗೆ ಬಂದು ಕಮತಗಿ ದಾರಿ ಕಟ್ಟಿಹೋಯಿತು.

ನನ್ನ ಬೋರ್ಡಿನ ಮೇಲೆ ಆಗ ಆದದ್ದನ್ನು ಮರೆಯಲಾರೆ. ಊರಲ್ಲಿ ಫೋನಿದ್ದವರೆಲ್ಲ ಒಮ್ಮೆಗೇ ಹಿಡಿಕೆ ತಿರುವಿದರು. ಬಿಲ್ಲೆಗಳು ಆಲಿಕಲ್ಲಿನ ಹಾಗೆ ಟಪಟಪ ಉದುರಿದವು. ಯಾವುದನ್ನು ಎತ್ತಲಿ? ಎತ್ತಿದವರೆಲ್ಲ ಕೇಳುವುದು ಒಂದೇ: 'ಹೊಳಿ ಎಲ್ಲಿಗೆ ಬಂತ್ರಿ?' ನಿಜವಾಗಿ ಹೊಳೆಯ ಬಾಯಲ್ಲಿದ್ದ ಊರುಗಳ ಬಿಲ್ಲೆಗಳೂ ಆ ಗದ್ದಲದಲ್ಲೇ ಎಲ್ಲೋ ಬಿದ್ದಿದ್ದವು. ಅವರ ಮಾತು ಕೇಳಲು ನನಗೆ ಒಂದು ಕೈ ತೆರವಿರಲಿಲ್ಲ.

ದೈವ ಚಲೋ ಇತ್ತು, ಆ ಸಲ ನೀರು ದಂಡೆ ಮೀರಲಿಲ್ಲ. ಆದರೆ ಮರುದಿನದಿಂದ 'ಹೊಳಿ ಬಂತಲೇ!' ಎಂಬುದು ಚಹಾದಂಗಡಿಯ ನಗೆಚಾಟಿಕೆಯಾಯಿತು. ನನಗೆ ಭಯ ಹತ್ತಿದ್ದು ಆಗ. ಇನ್ನೊಮ್ಮೆ ಸಾರಿದರೆ ಯಾರೂ ನಂಬುವುದಿಲ್ಲ. ಒಂದೊಂದಾಗಿ ಕೂಗಿದರೆ ಕೊನೆಯವರಿಗೆ ಮುಟ್ಟುವುದಿಲ್ಲ.

ಮಕ್ತುಂಸಾಬನಿಗೂ ಅದೇ ಚಿಂತೆ. ಹಸೀನಾಳಿಗೆ ಗಂಡು ಕೂಸು ಆಗಿತ್ತು. ಹಸಿ ಬಾಣಂತಿಯನ್ನು ಆ ಮಳೆಯಲ್ಲಿ ಚಕ್ಕಡಿ ಮೇಲೆ ತರುವುದು ಬೇಡ ಅಂತ ಅತ್ತೆ ಹಟ ಹಿಡಿದಿದ್ದಳು. ಒಂದು ಮಧ್ಯಾಹ್ನ ಅವನು ಬೋರ್ಡಿನ ಹಿಂದೆ ಕೂತು ಏನೋ ತಿಕ್ಕುತ್ತಿದ್ದ. ನಾನು ಸಿಟ್ಟಿನಿಂದ, ಅವನಿಗಲ್ಲ, ಯಾರಿಗೋ ಅಂದೆ:

'ಒಂದ ಮಾತು ಹೇಳಾಕ ಎಷ್ಟ ಸಲ ಬಾಯಿ ನೋಯಿಸ್ಕೋಬೇಕು? ಆ ಊರಿನ ತಂತಿ ಎಲ್ಲಾ ಈ ಬೋರ್ಡಿಗೇ ಬರ್ತಾವಲ್ಲ. ಅವನ್ನಷ್ಟ ಒಂದಕ್ಕೊಂದು ಕೂಡಿಸಿದ್ರ ಒಮ್ಮೆ ಹೇಳಿದ್ರ ಮುಗೀತಲ್ಲ?'

ಅವನು ತಿಕ್ಕುವುದನ್ನು ನಿಲ್ಲಿಸಿದ. 'ಕೂಡಸಬಹುದು. ಆದ್ರ ಸಾಹೇಬ್ರು ಒಪ್ಪಬೇಕು.'

ಗೌಡರ ಸಾಹೇಬರ ಮುಂದೆ ಹೋಗಿ ಇಬ್ಬರೂ ನಿಂತೆವು. ಅವರು ಪೂರ್ತಿ ಕೇಳಿಸಿಕೊಂಡರು. 'ಇಲಾಖೆ ಬೋರ್ಡು. ಕೈ ಹಚ್ಚಿದ್ರ ಮ್ಯಾಲಿನವ್ರು ಕೇಳ್ತಾರ' ಅಂದರು. ಆಮೇಲೆ ಮುಂದಿದ್ದ ಕಾಗದಗಳ ಕಡೆ ತಿರುಗಿದರು. ನಾನು ಆಗುವುದಿಲ್ಲ ಅಂದುಕೊಂಡು ಹೊರಡಲಿಕ್ಕೆ ತಿರುಗಿದೆ.

'ಕೇಳಿದ್ರ ನಾ ಹೇಳಿದ್ದೆ ಅನ್ರಿ' ಅಂದರು ಹಿಂದಿನಿಂದ. 'ಆದ್ರ ಹೊಳಿದಂಡಿಯವ್ರನ್ನಷ್ಟ ಕೂಡಸ್ರಿ. ಅದೂ ಅವರಾಗೇ ನಮ್ಮನ್ನ ಸೇರಸ್ಕೊಳ್ರಿ ಅಂದ್ರ ಮಾತ್ರ. ಬ್ಯಾಡ ಅಂದವರ ಕಿವಿಗೆ ಗಂಟಿ ಹೊಡಿಬ್ಯಾಡ್ರಿ.'

ಮಕ್ತುಂಸಾಬ ಒಂದು ಸಾಗವಾನಿ ಪಟ್ಟಿಗೆ ಸಾಲಾಗಿ ತೂತು ಕೊರೆದು, ಹಿಂದಿನಿಂದ ಎಲ್ಲಕ್ಕೂ ತಂತಿ ಬೆಸೆದ. ಕೋಣೆ ತುಂಬ ರಾಳದ ಹೊಗೆ. ನಾನು ಊರೂರಿಗೆ ಕೇಳಿದೆ. ದಂಡೆಯ ಊರುಗಳು 'ಸೇರಸ್ರಿ, ಸೇರಸ್ರಿ' ಅಂದವು. ಗುಡ್ಡದ ಮಗ್ಗುಲಿನ ಊರವರು 'ನಮಗ್ಯಾಕ್ರಿ ಆ ಉಸಾಬರಿ?' ಅಂದರು. ಅವರನ್ನು ಬಿಟ್ಟೆವು. ಇಟ್ಟಿಗೆ ಭಟ್ಟಿಯ ಮಾಲೀಕನೊಬ್ಬ ಮಾತ್ರ, ತನ್ನ ಊರು ದೂರ ಇದ್ದರೂ ಭಟ್ಟಿ ಹೊಳೆದಂಡೆಯಲ್ಲೇ ಇದೆ ಅಂತ ತಾನಾಗಿ ಬಂದು ಸೇರಿಕೊಂಡ.

ಮೊದಲ ಪರೀಕ್ಷೆ ಕೆಟ್ಟಿತು. ಪಟ್ಟಿಗೆ ಎಲ್ಲರನ್ನೂ ಚುಚ್ಚಿ 'ಹಲೋ, ಕೇಳಸ್ತೈತೇನ್ರಿ?' ಅಂದೆ. ಎಲ್ಲರೂ ಒಮ್ಮೆಗೇ 'ಹೂಂನ್ರಿ!' ಅಂದರು. ಕಿವಿಯಲ್ಲಿ ಸಂತೆ ನೆರೆಯಿತು. ಯಾರು ಅಂದರು, ಯಾರು ಅನ್ನಲಿಲ್ಲ, ದೇವರೇ ಬಲ್ಲ. ಮೇಲಾಗಿ ಅಷ್ಟು ತಂತಿಗೆ ಹಂಚಿಹೋಗಿ ನನ್ನ ದನಿ ದೂರದವರಿಗೆ ಸೊಳ್ಳೆಯ ಹಾಗೆ ಕೇಳುತ್ತಿತ್ತಂತೆ.

ದಿನಾ ಮಧ್ಯಾಹ್ನ ಪ್ರಯೋಗ ಮಾಡುತ್ತ ಅದಕ್ಕೊಂದು ಹದ ಬಂತು. ಕಮತಗಿಯ ಹಳ್ಳಿಗಳನ್ನು ನಾನು ಕೂಡಿಸುವುದಿಲ್ಲ. ನನ್ನ ಮಾತು ಕಮತಗಿಗೆ ಒಂದೇ ಹೋಗಬೇಕು. ಅಲ್ಲಿ ಈರಣ್ಣ ಅದನ್ನೇ, ಮಕ್ತುಂಸಾಬ ಮಾಡಿಕೊಟ್ಟ ಅಂಥದೇ ಇನ್ನೊಂದು ಪಟ್ಟಿಯಲ್ಲಿ ಗಟ್ಟಿಯಾಗಿ ಮತ್ತೆ ಹೇಳಬೇಕು. ಬಾದಾಮಿಯಿಂದ ಶಾರದಕ್ಕ ಒಮ್ಮೆ ಹೇಳಿದರೆ ಬಾಗಲಕೋಟೆ ದಾಟಿ ನನ್ನವರೆಗೆ ಒಂದೇ ತಂತಿಯಲ್ಲಿ ಒಂದೇ ಮಾತು. ದಾರಿ ಕವಲೊಡೆಯುವಲ್ಲಿ ಮಾತ್ರ ಅದು ಎರಡಾಗುವುದು, ನಾಲ್ಕಾಗುವುದು. ಎರಡನೆಯದು, ಯಾರೂ 'ಹೂಂ' ಅನ್ನಬಾರದು. ಪ್ರತಿ ಮಾತಿಗೂ ಒಂದು ನಂಬರು ಇರುತ್ತದೆ. ಒಂದು ಕೇಳಿ, ಆಮೇಲೆ ಮೂರು ಕೇಳಿಸಿದರೆ, ನಡುವಿನದು ತಪ್ಪಿತೆಂದು ತಿಳಿದು ಅವರಷ್ಟೇ ಬಾಯಿ ಬಿಡಬೇಕು. ಕೇಳಿದವರು ಸುಮ್ಮನಿರಬೇಕು. ಒಂದು ಮಾತಾದ ಮೇಲೆ ಹೊಸದು ಏನೂ ಇರದಿದ್ದರೂ, ಒಂದು ಬಟ್ಟಲು ಚಹಾ ಕುಡಿಯುವಷ್ಟರಲ್ಲಿ ಮುಂದಿನ ನಂಬರು ಹೇಳಲೇಬೇಕು. ಇದು ಶಾರದಕ್ಕ ಸೇರಿಸಿದ್ದು. 'ಸುಮ್ಮನ ಕಾಯೋರಿಗೆ ಎದಿ ಹಾರ್ತೈತಿ, ಪಾಪ' ಅಂದಿದ್ದಳು.

ಮುಂದೆ ಎಂಬತ್ತರ ದಶಕ ಮುಗಿಯುವಾಗ ಇಲಾಖೆ ನನ್ನನ್ನು ಕಂಪ್ಯೂಟರುಗಳ ನಡುವೆ ದತ್ತಾಂಶ ಕಳಿಸುವ ತರಬೇತಿಗೆ ಹಾಕಿತು. ಅಲ್ಲಿ ಕಲಿಸುವವರು ಹಲಗೆಯ ಮೇಲೆ ಮೂರು ಚಿತ್ರ ಬರೆದರು. ಒಂದು ಯಂತ್ರದಿಂದ ಒಂದೇ ಯಂತ್ರಕ್ಕೆ ಹೋದರೆ ಯೂನಿಕಾಸ್ಟ್. ಖಚಿತ, ಉತ್ತರವೂ ಬರುತ್ತದೆ, ಆದರೆ ನೂರು ಜನಕ್ಕೆ ನೂರು ಸಲ ಕಳಿಸಬೇಕು. ಬೇಕಾದವರು, ಬೇಡವಾದವರು ಎನ್ನದೆ ಎಲ್ಲರ ಮೇಲೂ ಸುರಿದರೆ ಬ್ರಾಡ್‌ಕಾಸ್ಟ್. ಕೇಳಿಕೊಂಡು ಸೇರಿದ ಗುಂಪಿಗೆ ಮಾತ್ರ, ಒಮ್ಮೆ ಕಳಿಸಿ, ಕವಲಿನಲ್ಲಿ ನಕಲು ಮಾಡುತ್ತ ಹೋದರೆ ಮಲ್ಟಿಕಾಸ್ಟ್. 'ಇದರಲ್ಲಿ ಒಂದು ತೊಂದರೆ ಇದೆ' ಅಂದರು ಅವರು. 'ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂಬುದು ಕಳಿಸಿದವನಿಗೆ ಗೊತ್ತಾಗುವುದಿಲ್ಲ.' ಪಕ್ಕದಲ್ಲಿ ಕೂತವರು ಅದನ್ನು ಬರೆದುಕೊಂಡರು. ನಾನು ಪೆನ್ನು ಕೆಳಗಿಟ್ಟೆ. ಆ ಗೊತ್ತಾಗದಿರುವುದು ಎಂಥದೆಂದು ನಾನು ಒಂದು ಮಧ್ಯಾಹ್ನವೆಲ್ಲ ಕೂತು ಅನುಭವಿಸಿದ್ದೆ.

ಆ ಮಧ್ಯಾಹ್ನ ಬಂದದ್ದು ಮಳೆಗಾಲ ಇನ್ನೇನು ಮುಗಿಯಿತು ಎನ್ನುವಾಗ. ಊಟದ ಡಬ್ಬಿ ಬಿಚ್ಚಿದ್ದೆ. ಶಾರದಕ್ಕನ ದನಿ ಎಂದಿನಂತೆ ಇರಲಿಲ್ಲ.

'ಗಿರಿಜಾ, ಕೂಡಸು. ಎಲ್ಲಾರನೂ ಕೂಡಸು.'

ಚುಚ್ಚಿದೆ. ಗೌಡರ ಸಾಹೇಬರು ಎದ್ದುಬಂದು ಬಾಗಲಕೋಟೆಯವರಿಗೆ ಟ್ರಂಕ್ ತಂತಿ, ಅಂದರೆ ನಮ್ಮಿಬ್ಬರ ನಡುವಿನ ದೂರದ ಲೈನು, ಬೇರೆ ಯಾರಿಗೂ ಬಿಡಬೇಡಿ ಎಂದು ಹೇಳಿಸಿ, ನನ್ನ ಹಿಂದೆ ನಿಂತರು.

'ಒಂದು. ಮ್ಯಾಲಿಂದ ಭಾಳ ನೀರು ಬಿಟ್ಟಾರ. ಪಟ್ಟದಕಲ್ಲು ಹೊಲಕ್ಕ ನೀರು ಹೊಕ್ಕಾವು. ದನಕರು ಬಿಚ್ರಿ, ತಯ್ಯಾರಾಗ್ರಿ' ಅಂದಳು ಶಾರದಕ್ಕ. ನಾನು ಹೇಳಿದೆ. ನನ್ನ ಮಾತಿನ ಹಿಂದೆಯೇ ಈರಣ್ಣ ತನ್ನವರಿಗೆ ಹೇಳುವುದು ಸಣ್ಣಗೆ ಕೇಳಿತು. ಆಮೇಲೆ ನಿಶ್ಶಬ್ದ. ನಾವೇ ಹೇಳಿಕೊಟ್ಟ ನಿಶ್ಶಬ್ದ.

ಚಹಾ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. 'ಎರಡು. ಇನ್ನ ತಡಾ ಮಾಡಬ್ಯಾಡ್ರಿ. ಮನಿ ಬಿಡ್ರಿ. ಕೂಸು ಮುದುಕರನ್ನ ಕರಕೊಂಡು ದಿನ್ನಿ ಏರ್ರಿ.'

ಮೂರನೆಯದಕ್ಕೆ ಒಂದು ಊರು 'ಎರಡನೇದು ಬರಲಿಲ್ರಿ' ಅಂತು. ಮತ್ತೆ ಹೇಳಿದೆ. ಅಷ್ಟರಲ್ಲಿ ಈರಣ್ಣನ ದನಿ ನಡುವೆ ತೂರಿ ಬಂತು. ಅವನು ಅಲ್ಲಿಯವರೆಗೆ ಎಂದೂ ನಿಯಮ ಮುರಿದವನಲ್ಲ.

'ಯಕ್ಕಾರ, ಹಂಚಿನಾಳದ ತಂತ್ಯಾಗ ಉಸಿರಿಲ್ರಿ. ಗಂಟಿ ಹೊಡದ್ರ ಹೋಗವಲ್ದು. ಕಂಬ ಬಿದ್ದಿರಬೇಕು.'

'ಯಾವಾಗಿಂದ?'

'ಗೊತ್ತಿಲ್ರಿ. ಸುಮ್ಮಿದ್ರು, ಕೇಳ್ಯಾರ ಅನ್ಕೊಂಡೆ.'

ನಾನು ತಿರುಗಿ ನೋಡಲಿಲ್ಲ. ನೋಡದಿದ್ದರೂ ಮಕ್ತುಂಸಾಬ ಬಾಗಿಲಲ್ಲಿ ನಿಂತಿರುವುದು ಗೊತ್ತಿತ್ತು. ಹಂಚಿನಾಳಕ್ಕೆ ಹೊಳೆಯಾಚೆಯಿಂದ ಸುತ್ತುಹಾಕಿ ಬರುವ ಇನ್ನೊಂದು ತಂತಿ ಇತ್ತು, ಬಾಗಲಕೋಟೆಯ ಮುಖಾಂತರ. ಅದನ್ನು ಹಿಡಿಯಬೇಕಾದರೆ ಶಾರದಕ್ಕನ ಟ್ರಂಕ್ ತಂತಿ ಬಿಡಬೇಕು. ಬಿಟ್ಟರೆ ಉಳಿದ ಊರುಗಳೆಲ್ಲ ಕಿವುಡಾಗುತ್ತವೆ. ಹಿಡಿದರೂ ಆ ಕಡೆಯ ತಂತಿ ಇದೆಯೋ ಬಿದ್ದಿದೆಯೋ. ನನ್ನ ಬೆರಳು ಪ್ಲಗ್ಗಿನ ಮೇಲಿತ್ತು.

ಮಾತಾಡಿದವನು ಮಕ್ತುಂಸಾಬ. 'ಕೈ ತಗೀಬ್ಯಾಡ್ರಿ ಗಿರಿಜಕ್ಕಾರ. ನಾ ಹೋಗಿ ನೋಡ್ತೇನಿ.' ತಂತಿ ಕತ್ತರಿಸುವ ಇಕ್ಕಳ, ಹಗ್ಗ, ತಂತಿ ಪರೀಕ್ಷಿಸುವ ಕೈಫೋನು ತಗೊಂಡು ಹೊರಗೆ ಹೋಗಿ, ಕಮತಗಿ ಕಡೆ ಹೊರಟ ಲಾರಿಗೆ ಕೈ ಅಡ್ಡ ಹಿಡಿದು ಹತ್ತಿದ. ಲಾರಿಯ ಸಪ್ಪಳ ದೂರಾಗುವವರೆಗೆ ಕೇಳಿದೆ.

'ನಾಲ್ಕು' ಅಂದಳು ಶಾರದಕ್ಕ. ಪಟ್ಟದಕಲ್ಲಿನಲ್ಲಿ ನೀರು ಗುಡಿಯ ಅಂಗಳಕ್ಕೆ ಬಂದಿತ್ತು. 'ಐದು.' ಸಂಗಮದಿಂದ, ಕೃಷ್ಣೆ ನೀರು ತಗೊಳ್ಳುತ್ತಿಲ್ಲ ಅಂತ ಸುದ್ದಿ ಬಂತು. ಅದನ್ನೂ ನಂಬರು ಹಾಕಿ ಹೇಳಿದೆ. ಎಲ್ಲೆಲ್ಲೂ ಮೌನ. ಅಷ್ಟೂ ಊರುಗಳು ತಂತಿಯ ಆಚೆ ಕೂತು ಉಸಿರು ಬಿಗಿಹಿಡಿದು ಕೇಳುತ್ತಿವೆ ಎಂದು ನನ್ನ ಬುದ್ಧಿಗೆ ಗೊತ್ತು, ಆದರೆ ಎದೆಗೆ ನಂಬಿಕೆ ಬರಬೇಕಲ್ಲ? ಬಾವಿಯೊಳಗೆ ಮಾತಾಡಿದ ಹಾಗೆ ಆಗುತ್ತಿತ್ತು. ಎಷ್ಟೋ ಸಲ 'ಯಾರಾದ್ರೂ ಒಬ್ರು ಹೂಂ ಅನ್ರೀ' ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಗೌಡರ ಸಾಹೇಬರು ತಮ್ಮ ಮನೆಯಿಂದ ತರಿಸಿದ ನೀರಿನ ತಂಬಿಗೆಯನ್ನು ಎರಡು ಸಲ ನನ್ನ ಪಕ್ಕಕ್ಕೆ ಇಟ್ಟರು, ಎರಡು ಸಲವೂ ಅದು ಹಾಗೇ ಇತ್ತು.

ಬೆಳಕು ಕುಂದುವ ಹೊತ್ತಿಗೆ ನಂಬರುಗಳ ನಡುವೆ ಹೊಸ ಸುದ್ದಿ ಕಡಿಮೆಯಾಯಿತು. ಬಾದಾಮಿ ಕಡೆ ನೀರು ನಿಂತಿತ್ತು. ಆಗ ಈರಣ್ಣನ ತಂತಿಯಲ್ಲಿ ಏನೋ ಕರಕರ ಅಂತು. ಮಕ್ತುಂಸಾಬ. ಮುರಿದ ಕಂಬದಿಂದ ಈಚೆ, ಗಟ್ಟಿ ಉಳಿದ ಕಂಬಕ್ಕೆ ಹತ್ತಿ, ಕೈಫೋನಿನ ಕೊಕ್ಕೆಯನ್ನು ತಂತಿಗೆ ಹಾಕಿ ಮಾತಾಡುತ್ತಿದ್ದ.

'ಊರಾಗ ನೀರೈತ್ರಿ. ಮಾಳಗಿ ಮಟಾ ನೀರೈತಿ.' ಅವನ ದನಿ ಒಡೆಯಿತು. 'ಮಂದಿ ಇಲ್ರಿ ಊರಾಗ. ಮಂದಿ ಎಲ್ಲಾ ದಿನ್ನಿ ಮ್ಯಾಲದಾರ. ನಾ ನೋಡಿ ಬಂದೇನಿ. ಹಸೀನಾನೂ ಅದಾಳ, ಕೂಸೂ ಐತಿ. ಹೊರಸಿನ ಮ್ಯಾಲ ಹೊತ್ಕೊಂಡು ಏರಿಸ್ಯಾರಂತ.'

ಈರಣ್ಣ ಆ ಮಾತನ್ನು ನನಗಷ್ಟೇ ಜೋಡಿಸಬೇಕಿತ್ತು. ಅವನು ಎಲ್ಲರೂ ಕೂಡಿದ ಪಟ್ಟಿಗೇ ಹಾಕಿಬಿಟ್ಟ. ಮಧ್ಯಾಹ್ನದಿಂದ ತುಟಿ ಹೊಲಿದುಕೊಂಡು ಕೂತಿದ್ದ ಊರುಗಳೆಲ್ಲ ಒಮ್ಮೆಗೇ ಬಾಯಿ ಬಿಟ್ಟವು. ಯಾರೋ ಅಳುತ್ತಿದ್ದರು, ಯಾರೋ ಬಸವಣ್ಣನನ್ನು ಕರೆಯುತ್ತಿದ್ದರು, ಶಾರದಕ್ಕ ಬಾದಾಮಿಯಿಂದ ಏನೋ ಕೂಗುತ್ತಿದ್ದಳು. ಒಂದು ಅಕ್ಷರವೂ ತಿಳಿಯಲಿಲ್ಲ. ಸುಮ್ಮನಿರಿ ಅಂತ ನಾನು ಯಾರಿಗೂ ಹೇಳಲಿಲ್ಲ. ಗೌಡರ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊರಗೆ ಹೋದರು.

ಮಳೆಗಾಲ ಮುಗಿದ ಮೇಲೆ ಪಟ್ಟಿಯ ಬಗ್ಗೆ ಮೇಲಿನವರು ಕೇಳಿದರು. ಸಾಹೇಬರು ತಾವೇ ಹೇಳಿದ್ದಾಗಿ ಉತ್ತರ ಕೊಟ್ಟು, ಬಿಚ್ಚಿಸಿದರು. ಮರುವರ್ಷ ಅವರಿಗೆ ಬೇರೆ ಊರಿಗೆ ಬದಲಿ ಆಯಿತು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ಅವರು ಯಾವತ್ತೂ ಬಾಯಿ ಬಿಡಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಒಂದು ಮುಂಜಾನೆ, ಹಸಿರು ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬಳು ಎಕ್ಸ್‌ಚೇಂಜಿನ ಬಾಗಿಲಿಗೆ ಬಂದು 'ಗಿರಿಜಕ್ಕಾರ ಯಾರ್ರಿ?' ಅಂದಳು. ನೀಲವ್ವ. ಹೊಳೆಹಂಚಿನಾಳದ ಅಂಚೆ ನೋಡಿಕೊಳ್ಳುತ್ತಿದ್ದ ಮಾಸ್ತರರ ಹೆಂಡತಿ. ಮಾಸ್ತರರು ಸಾಲೆಗೆ ಹೋದಾಗ ಫೋನಿನ ಮುಂದೆ ಕೂರುತ್ತಿದ್ದವಳು ಅವಳೇ. ಚಹಾ ತರಿಸಿದೆ. ಆ ದಿನ ನಿನಗೆ ಮಾತು ಎಲ್ಲಿಯವರೆಗೆ ಕೇಳಿಸಿತ್ತು ಅಂತ ಕೇಳಿದೆ.

'ಒಂದು ಅಂದದ್ದಷ್ಟ ಕೇಳಿತ್ರಿ. ಆಮ್ಯಾಲ ಎರಡು ಬರತೈತಿ ಅಂತ ಕುಂತೆ. ಚಾ ಕುಡಿಯೂಹೊತ್ತು ಆತು, ಬರಲಿಲ್ಲ. ಇನ್ನಷ್ಟು ಕುಂತೆ. ದಿನಾ ತಪ್ಪದ ಬರೂ ನಂಬರು ಇವತ್ತ ತಪ್ಪಿತು ಅಂದ್ರ ನಿಮ್ಮ ಕಡಿಂದ ತಪ್ಪಿರಾಕಿಲ್ಲ, ಹೊಳಿ ತಪ್ಪಿಸಿರಬೇಕು ಅನಿಸ್ತ್ರಿ. ಎದ್ದು ಹೊಯ್ಕೋತ ಓಣಿಗೆ ಬಿದ್ದೆ. ಮಂದಿ ಬೈದ್ರು. ಆದ್ರೂ ಎದ್ರು. ನಮ್ಮ ಓಣಿ ಬಾಳವ್ವ ಎಮ್ಮಿ ಬಿಚ್ಚಾಕ ತಿರುಗಿ ಹ್ವಾದಳು. ಆಕಿನ್ನ ಮಾತ್ರ ತರಾಕಾಗಲಿಲ್ರಿ.'

ಬೋರ್ಡಿನ ಮೇಲೆ ಒಂದು ಬಿಲ್ಲೆ ಬಿತ್ತು. ಯಾರೋ ಸೀರೆ ವ್ಯಾಪಾರಿ. ಜೋಡಿಸಿ ಬಂದೆ. ನೀಲವ್ವ ಹೊರಡಲು ಎದ್ದವಳು ಸೆರಗು ಸರಿ ಮಾಡಿಕೊಳ್ಳುತ್ತ ನಿಂತಳು.

'ಒಂದ್ ಮಾತು ಕೇಳೋದಿತ್ರಿ. ಆವತ್ತಿನಿಂದ ತಲ್ಯಾಗ ಕುಂತೈತಿ. ಆ ಎರಡನೇದು, ನನಗ ಬರಲಾರದ್ದು, ಏನಿತ್ರಿ?'

ನನಗೆ ಅದು ಬಾಯಿಪಾಠವಾಗಿತ್ತು. ಈಗಲೂ ಇದೆ.

'ಎರಡು. ಇನ್ನ ತಡಾ ಮಾಡಬ್ಯಾಡ್ರಿ. ಮನಿ ಬಿಡ್ರಿ. ಕೂಸು ಮುದುಕರನ್ನ ಕರಕೊಂಡು ದಿನ್ನಿ ಏರ್ರಿ.'

ಅವಳು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡಳು.

'ಹೂಂನ್ರಿ' ಅಂದಳು. 'ಏರಿದ್ವಿ.'